ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್) ಆಟಗಾರರು ಗೊತ್ತಿದ್ದೇ ಆಡೋಕೆ ಬರ್ತಾರೆ, ಆಮೇಲೆ ಲೀಗ್ ಮೇಲೆ ಯಾಕೆ ಕೇಸ್ ಹಾಕ್ತಾರೆ?

"ಏಟು ಬೀಳುತ್ತೆ ಅಂತ ಗೊತ್ತಿದ್ದೇ ಸೈನ್ ಮಾಡಿರ್ತಾರೆ, ಕೋಟಿಗಟ್ಟಲೆ ತಗೋತಾರೆ, ಮತ್ತೆ ಪರಿಹಾರ ಯಾಕೆ, ಸೇಫ್ಟಿ ರೂಲ್ಸ್ ಇವೆಯಲ್ಲ" ಅಂತ ಕೇಳಿದ್ದೀರ. ನಾನು ಲಾಯರ್ ಅಲ್ಲ, ಪಿಟ್ಸ್‌ಬರ್ಗ್‌ನಲ್ಲಿರೋನು, ನಮ್ಮೂರ ಟೀಮ್ ಸ್ಟೀಲರ್ಸ್ ಮ್ಯಾಚ್ ನೋಡ್ತಾ ನೋಡ್ತಾ ಈ ವಿಷಯದ ಬೆನ್ನು ಹತ್ತಿದವನು. ಕಾಲು ಮುರಿಯುತ್ತೆ, ಮಂಡಿ ಹೋಗುತ್ತೆ ಅನ್ನೋದು ಆಟಗಾರನಿಗೆ ಗೊತ್ತಿತ್ತು, ಸರಿ. ಆದ್ರೆ ತಲೆಗೆ ಬಿದ್ದ ಏಟು ಇಪ್ಪತ್ತು ವರ್ಷ ಆದ್ಮೇಲೆ ಮರೆವಾಗಿ, ಬುದ್ಧಿಭ್ರಮಣೆಯಾಗಿ ತಿರುಗಿ ಬರುತ್ತೆ ಅಂತ ಯಾರೂ ಹೇಳಿರ್ಲಿಲ್ಲ. ಲೀಗ್‌ಗೆ ಅದು ಗೊತ್ತಿತ್ತಾ, ಗೊತ್ತಿದ್ದೂ ಮುಚ್ಚಿಟ್ಟಿತಾ ಅನ್ನೋದೇ ಕೇಸು.

ಅಸಲಿಗೆ ಕೇಸ್ ಹಾಕೋದೇ ಬಲು ಕಷ್ಟ. ಟೀಮ್ ಮೇಲೆ ಹಾಕಿದ್ರೆ "ಇದು ಕೆಲಸದ ಜಾಗದ ಗಾಯ, ಕಾರ್ಮಿಕರ ಪರಿಹಾರ ಕಾನೂನಲ್ಲಿ ಸಿಗೋದು ತಗೊಳ್ಳಿ" ಅಂತಾರೆ, ಲೀಗ್ ಮೇಲೆ ಹಾಕಿದ್ರೆ "ಆಟಗಾರರ ಸಂಘದ ಜೊತೆ ಒಪ್ಪಂದ ಇದೆ, ಅದರ ಪ್ರಕಾರ ಪಂಚಾಯ್ತಿ ಮಾಡ್ಕೊಳ್ಳಿ" ಅಂತಾರೆ. ಮಿನೆಸೋಟಾ ವೈಕಿಂಗ್ಸ್‌ನ ಕೋರಿ ಸ್ಟ್ರಿಂಗರ್ 2001ರ ಟ್ರೈನಿಂಗ್ ಕ್ಯಾಂಪಲ್ಲಿ ಬಿಸಿಲಿನ ಹೊಡೆತಕ್ಕೆ ಕುಸಿದು ತೀರ್ಕೊಂಡ, ಬರೀ 27 ವಯಸ್ಸು, ಹೆಂಡತಿ ಕೋರ್ಟ್ ಮೆಟ್ಟಿಲು ಹತ್ತಿದ್ರೆ 2005ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ಆಕೆಯ ಕೈ ಹಿಡೀಲಿಲ್ಲ. ಎದುರಾಳಿ ಆಟಗಾರನ ಮೇಲಾದ್ರೆ ಸ್ವಲ್ಪ ದಾರಿ ಇದೆ. 1973ರಲ್ಲಿ ಡೆನ್ವರ್‌ನ ಡೇಲ್ ಹ್ಯಾಕ್‌ಬಾರ್ಟ್ ಮಂಡಿಯೂರಿ ಆಟ ನೋಡ್ತಿದ್ದಾಗ ಸಿನ್ಸಿನಾಟಿಯವನೊಬ್ಬ ಸಿಟ್ಟಿಗೆ ಹಿಂದಿನಿಂದ ತಲೆಗೆ ಮೊಳಕೈ ಬೀಸಿದ, ರೆಫ್ರಿಗಳು ತಪ್ಪು ಅಂತ ತೋರಿಸೋ ಫ್ಲ್ಯಾಗ್ ಕೂಡ ಎಸೀಲಿಲ್ಲ, ಆಮೇಲೆ ನೋಡಿದ್ರೆ ಕುತ್ತಿಗೆ ಮೂಳೆ ಮುರಿದಿತ್ತು. ಕೆಳಗಿನ ಕೋರ್ಟು ಈ ಆಟವೇ ಹಿಂಸೆಯದ್ದು ಅಂತ ಕೇಸ್ ತಳ್ಳಿಹಾಕ್ತು, 1979ರಲ್ಲಿ ಮೇಲಿನ ಕೋರ್ಟು ಅದನ್ನ ಒಪ್ಪಲಿಲ್ಲ, ಹಾಗೆ ಹೊಡೆಯೋದನ್ನ ಆಟದ ನಿಯಮವೇ ಬೇಡ ಅನ್ನುತ್ತೆ, ಮೈದಾನಕ್ಕೆ ಇಳಿದ ತಕ್ಷಣ ಕಾನೂನು ಹೊರಗೆ ನಿಲ್ಲಲ್ಲ ಅಂತು. ನಿಮ್ಮ "ಗೊತ್ತಿದ್ದೇ ಬಂದ" ಅನ್ನೋ ವಾದಕ್ಕೆ ಅಲ್ಲೇ ಅರ್ಧ ಉತ್ತರ ಇದೆ.

ಇನ್ನರ್ಧ ನಮ್ಮೂರಿನದ್ದು. ಮೈಕ್ ವೆಬ್‌ಸ್ಟರ್ ಸ್ಟೀಲರ್ಸ್‌ನ ಸೆಂಟರ್, ಅಂದ್ರೆ ಚೆಂಡನ್ನ ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋನು, ನಾಲ್ಕು ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದವನು, ಇಲ್ಲಿನ ಹಳಬರು ಇವತ್ತಿಗೂ ಹೆಸರು ಹೇಳಿದ್ರೆ ಎದೆ ಉಬ್ಬಿಸ್ತಾರೆ. ರಿಟೈರ್ ಆದ್ಮೇಲೆ ನೆನಪು ಹೋಗಿ, ದುಡ್ಡು ಕಳ್ಕೊಂಡು, ಪಿಕಪ್ ಟ್ರಕ್ಕಲ್ಲೇ ಮಲಗೋ ಸ್ಥಿತಿ ಬಂತು, 2002ರಲ್ಲಿ 50 ವರ್ಷಕ್ಕೇ ಹೋದ. ಪೋಸ್ಟ್ ಮಾರ್ಟಮ್ ಮಾಡಿದ ಬೆನೆಟ್ ಒಮಾಲು ಅನ್ನೋ ಡಾಕ್ಟರ್ ಮೆದುಳನ್ನ ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಟೌ ಅನ್ನೋ ಪ್ರೋಟೀನು ಗಂಟುಗಂಟಾಗಿ ಕೂತಿತ್ತು, ಪದೇಪದೇ ತಲೆಗೆ ಏಟು ಬಿದ್ದು ಬರೋ ಈ ಮೆದುಳಿನ ಕಾಯಿಲೆಯನ್ನೇ ಈಗ ಸಿಟಿಇ ಅಂತ ಕರೀತಾರೆ. 2005ರಲ್ಲಿ ಅವರು ಅದನ್ನ ಪ್ರಕಟಿಸಿದ್ರೆ ಲೀಗಿನ ಕಮಿಟಿಯ ಡಾಕ್ಟರುಗಳು ಆ ಲೇಖನ ವಾಪಸ್ ತಗೊಳ್ಳಿ ಅಂತ ಪತ್ರ ಬರೆದ್ರು. 1994ರಲ್ಲಿ ತಲೆ ಗಾಯದ ಬಗ್ಗೆ ಅಂತಲೇ ಮಾಡಿದ್ದ ಆ ಕಮಿಟಿಯ ಮೊದಲ ಮುಖ್ಯಸ್ಥ ಯಾರು ಅಂದ್ಕೊಂಡ್ರಿ? ಸಂಧಿವಾತದ ಡಾಕ್ಟರು! ನನಗೆ ರಕ್ತ ಕುದಿಯೋದು ಇನ್ನೊಂದಕ್ಕೆ. ಆಟದಲ್ಲಿ ತಲೆಗೆ ಬಿದ್ದ ಏಟಿಂದಲೇ ವೆಬ್‌ಸ್ಟರ್‌ಗೆ ಹೀಗಾಯ್ತು ಅಂತ ಆಟಗಾರರ ಪೆನ್ಷನ್ ಬೋರ್ಡು, ಅಂದ್ರೆ ಟೀಮ್ ಮಾಲೀಕರ ಕಡೆಯವರೂ ಕೂತಿರೋ ಬೋರ್ಡು, ಅವನು ಬದುಕಿದ್ದಾಗಲೇ ಒಪ್ಕೊಂಡು ಅಂಗವೈಕಲ್ಯದ ಹಣ ಕೊಟ್ಟಿತ್ತು, ಅದಾದ ಎಷ್ಟೋ ವರ್ಷದವರೆಗೂ ಕಮಿಟಿ ಮಾತ್ರ ಶಾಶ್ವತ ಹಾನಿ ಏನೂ ಇಲ್ಲ ಅಂತಲೇ ಬರೀತಾ ಇತ್ತು.

2011ರಿಂದ ಕೇಸುಗಳು ಬೀಳೋಕೆ ಶುರುವಾಗಿ 4,500ಕ್ಕೂ ಹೆಚ್ಚು ಮಾಜಿ ಆಟಗಾರರು ಸೇರಿದ್ರು, ಎಲ್ಲಾ ಫಿಲಡೆಲ್ಫಿಯಾದ ಜಡ್ಜ್ ಅನಿತಾ ಬ್ರೋಡಿ ಮುಂದೆ ಬಂತು. 2013ರಲ್ಲಿ 76.5 ಕೋಟಿ ಡಾಲರ್‌ಗೆ ರಾಜಿ ಅಂದ್ರು, ಇಷ್ಟು ಸಾಲುತ್ತಾ ಅಂತ ಜಡ್ಜೇ ತಡೆದ್ರು, ಆಮೇಲೆ ಒಟ್ಟು ಹಣದ ಮಿತಿ ತೆಗೆದು 2015ರಲ್ಲಿ ಒಪ್ಪಿಗೆ ಆಯ್ತು. ಸ್ನಾಯುಗಳನ್ನ ನಡೆಸೋ ನರಗಳೇ ಸಾಯೋ ಎಎಲ್‌ಎಸ್ ಕಾಯಿಲೆ ಬಂದ್ರೆ ಗರಿಷ್ಠ 50 ಲಕ್ಷ ಡಾಲರ್, ಆಲ್‌ಝೈಮರ್ಸ್‌ಗೆ 35 ಲಕ್ಷ, ವಯಸ್ಸು ಹೆಚ್ಚಾದಷ್ಟೂ, ಆಡಿದ ಸೀಸನ್ ಕಮ್ಮಿ ಆದಷ್ಟೂ ಕಡಿತ. ಲೀಗ್ ತಪ್ಪು ಒಪ್ಪಲಿಲ್ಲ, ಹಾಗಾಗಿ ಏನೇನು ಯಾವಾಗ ಗೊತ್ತಿತ್ತು ಅನ್ನೋದು ವಿಚಾರಣೆಗೆ ಬರಲೇ ಇಲ್ಲ. ಬರೀ ಸಿಟಿಇ ಲೆಕ್ಕದಲ್ಲಿ ದುಡ್ಡು ಸಿಗೋದು 2015ರ ಏಪ್ರಿಲ್‌ಗೆ ಮುಂಚೆ ತೀರ್ಕೊಂಡವರ ಮನೆಯವರಿಗೆ ಮಾತ್ರ. ಇನ್ನೊಂದು ಹೇಳಲೇಬೇಕು, ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಕಪ್ಪು ಆಟಗಾರರ ಮೊದಲಿನ ಮಟ್ಟವೇ ಕಮ್ಮಿ ಇತ್ತು ಅಂತ ಇಟ್ಕೊಂಡು ಲೆಕ್ಕ ಹಾಕ್ತಿದ್ರು, ಅಂದ್ರೆ ಅದೇ ಅಂಕ ಬಂದ್ರೂ ಬಿಳಿಯನಿಗೆ ಪರಿಹಾರ, ಕಪ್ಪಗಿನವನಿಗೆ ಇಲ್ಲ! 2020ರಲ್ಲಿ ಇಬ್ಬರು ಮಾಜಿ ಆಟಗಾರರು ಕೋರ್ಟಿಗೆ ಹೋದ್ಮೇಲೆ, 2021ರಲ್ಲಿ ಅದನ್ನ ಕೈಬಿಡೋಕೆ ಒಪ್ಪಿದ್ರು.

ರೂಲ್ಸ್ ವಿಷಯಕ್ಕೆ ಬಂದ್ರೆ, ಸುಧಾರಿಸಿದೆ, ಇಲ್ಲ ಅನ್ನಲ್ಲ. ತಲೆ ತಗ್ಗಿಸಿ ಹೆಲ್ಮೆಟ್ಟಲ್ಲೇ ಗುದ್ದಿದ್ರೆ 2018ರಿಂದ 15 ಗಜ ಪೆನಾಲ್ಟಿ, 2024ರಲ್ಲಿ ಹಿಪ್ ಡ್ರಾಪ್ ಟ್ಯಾಕಲ್ (ಎದುರಾಳಿಯನ್ನ ಹಿಡಿದು ಅವನ ಕಾಲ ಮೇಲೆ ಮೈಭಾರ ಬಿಟ್ಟು ಕೆಡವೋದು) ನಿಷೇಧ, ದೂರದಿಂದ ಓಡಿ ಬಂದು ಡಿಕ್ಕಿ ಹೊಡೀತಿದ್ದ ಕಿಕಾಫ್‌ಗೂ (ಚೆಂಡು ಒದ್ದು ಆಟ ಶುರು ಮಾಡೋದು) ಅದೇ ವರ್ಷ ಹೊಸ ರೂಪ. ನನ್ನ ಪ್ರಕಾರ ಇವಕ್ಕಿಂತ ದೊಡ್ಡದು ಏಟು ಬಿದ್ದವನನ್ನ ವಾಪಸ್ ಕಳಿಸೋದು ಯಾರು ಅನ್ನೋದು. 2022ರ ಸೆಪ್ಟೆಂಬರ್ 25, ಭಾನುವಾರ, ಮಯಾಮಿ ಟೀಮಿನ ಆಟಗಾರ ಟುವಾ ಟಾಗೋವಾಯ್ಲೋವಾ ತಲೆ ನೆಲಕ್ಕೆ ಬಡಿದು ಎದ್ದು, ತಲೆ ಕೊಡವಿ, ಎರಡು ಹೆಜ್ಜೆ ಇಡೋವಷ್ಟರಲ್ಲಿ ತೂರಾಡಿ ಬಿದ್ದ, ಜೊತೆಯವರು ಹಿಡ್ಕೊಂಡ್ರು, ಟಿವಿಲಿ ಎಲ್ಲರಿಗೂ ಕಾಣ್ತಿತ್ತು. ಬೆನ್ನು ನೋವು ಅಂತ ಹೇಳಿ ಸೆಕೆಂಡ್ ಹಾಫಲ್ಲಿ ಮತ್ತೆ ಇಳಿಸಿದ್ರು. ಸೈಡ್‌ಲೈನಲ್ಲಿ ಟೀಮಿಗೆ ಸೇರದ ನರರೋಗ ತಜ್ಞರು ಇದ್ದೂ ಹೀಗಾಯ್ತು. ನಾಲ್ಕೇ ದಿನಕ್ಕೆ ಗುರುವಾರ ಸಿನ್ಸಿನಾಟಿಯಲ್ಲಿ ಮತ್ತೆ ಬಿದ್ದಾಗ ಕೈಬೆರಳು ಸೆಟೆದುಕೊಂಡು ನಿಂತುಬಿಟ್ವು, ಸ್ಟ್ರೆಚರಲ್ಲಿ ಹೊತ್ಕೊಂಡು ಹೋದ್ರು. ಅಕ್ಟೋಬರಲ್ಲಿ ನಿಯಮ ಬದಲಾಯಿಸಿ, ತೂರಾಡೋದು ಕಂಡ್ರೆ ಆವತ್ತು ವಾಪಸ್ ಇಳಿಸೋ ಹಾಗೇ ಇಲ್ಲ ಅಂತ ಮಾಡಿದ್ರು.

ಆದ್ರೆ ಭಾನುವಾರ ಆಡಿದವರನ್ನ ಗುರುವಾರ ಮತ್ತೆ ಇಳಿಸೋ ಶೆಡ್ಯೂಲ್ ಹಾಗೇ ಉಳಿದಿದೆ, ಸೀಸನ್ ಕೂಡ 2021ರಿಂದ 16 ಮ್ಯಾಚಿಂದ 17ಕ್ಕೆ ಏರಿದೆ. ಆಟಗಾರರ ಸಂಘ ಮುಂದಿನ ಒಪ್ಪಂದದಲ್ಲಿ ಸಂಬಳಕ್ಕಿಂತ ಮೊದಲು ಈ ಗುರುವಾರದ ಮ್ಯಾಚ್ ವಿಷಯ ಎತ್ತಬೇಕು ಅಂತ ನನ್ನ ಆಸೆ.