ಓದುಗರ ಪ್ರಶ್ನೆ: ತಾಯಿಗೆ ಬಾರದ ಪ್ರಾರ್ಥನೆ ಮಗಳಿಗೆ ಬಂದದ್ದು ಹೇಗೆ?

ಪ್ರಶ್ನೆ: ಗೋಕರ್ಣದ ಕುಡ್ಲೆ ತೀರದ ಸಮೀಪ ನಮ್ಮದೊಂದು ಹೋಮ್‌ಸ್ಟೇ ಇದೆ. ಕಳೆದ ಚಳಿಗಾಲದಲ್ಲಿ ಇಸ್ರೇಲಿನಿಂದ ಬಂದು ತಂಗಿದ್ದ ಯಹೂದಿ ತಾಯಿ ಮತ್ತು ಮಗಳು ತಮ್ಮೊಳಗೆ ರಷ್ಯನ್ ಭಾಷೆಯನ್ನೇ ಆಡುತ್ತಿದ್ದರು. ಶುಕ್ರವಾರ ಸೂರ್ಯ ಮುಳುಗುವ ಮೊದಲು ಮಗಳು ಎರಡು ಮೇಣದಬತ್ತಿ ಹಚ್ಚಿ, ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸಿದಳು. ತಾಯಿ ಮಾತ್ರ ರಷ್ಯನ್ ಲಿಪಿಯ ಪುಸ್ತಕ ಹಿಡಿದು ತಡವರಿಸುತ್ತ ಹೇಳಿದರು. ಹಿರಿಯರಿಗೆ ಬಾರದ್ದು ಕಿರಿಯರಿಗೆ ಹೇಗೆ ಬಂತು? ಮುಂಡಗೋಡಿನ ಟಿಬೆಟನ್ನರಂತೆ ಇವರಿಗೂ ಪ್ರತ್ಯೇಕ ಶಾಲೆಗಳಿವೆಯೇ?
— ಓದುಗರೊಬ್ಬರು, ಗೋಕರ್ಣ

ಉತ್ತರ: ಆ ತಾಯಿ ಸೋವಿಯತ್ ಒಕ್ಕೂಟದಲ್ಲಿ ಬೆಳೆದವರಾಗಿದ್ದರೆ, ಪ್ರಾರ್ಥನೆ ಬಾರದಿರುವುದು ಅವರ ಅಸಡ್ಡೆಯಿಂದಲ್ಲ. ಕ್ರಾಂತಿಯ ನಂತರ, 1918ರಿಂದ 1930ರವರೆಗೆ, ಕಮ್ಯುನಿಸ್ಟ್ ಪಕ್ಷದ ಯಹೂದಿ ವಿಭಾಗವೇ ಮುಂದೆ ನಿಂತು ಧಾರ್ಮಿಕ ಪಾಠಶಾಲೆಗಳನ್ನು ಮುಚ್ಚಿಸಿತು, ಪ್ರಾರ್ಥನೆಯ ಭಾಷೆಯಾದ ಹೀಬ್ರೂವಿನ ಬೋಧನೆಯನ್ನು ಹತ್ತಿಕ್ಕಿತು. ಆದರೆ 1932ರಲ್ಲಿ ಜಾರಿಗೆ ಬಂದ ಆಂತರಿಕ ಪಾಸ್‌ಪೋರ್ಟ್ ಎಂಬ ಗುರುತುಪತ್ರದಲ್ಲಿ ‘ಯಹೂದಿ’ ಎಂಬ ನಮೂದು ಉಳಿಯಿತು. ಧರ್ಮವನ್ನು ಕಲಿಯುವ ದಾರಿಯನ್ನು ಮುಚ್ಚಿ, ಯಹೂದಿ ಎಂಬ ಗುರುತನ್ನು ಮಾತ್ರ ಮೈಮೇಲೆ ಹೊರಿಸಿದ್ದು ದೊಡ್ಡ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಮುಂಡಗೋಡಿನೊಂದಿಗಿನ ಹೋಲಿಕೆ ಇಲ್ಲಿ ತಲೆಕೆಳಗಾಗುತ್ತದೆ. 1966ರಿಂದ ಅಲ್ಲಿ ನೆಲೆಸಿದ ಟಿಬೆಟನ್ನರು ನೆಲ ಕಳೆದುಕೊಂಡರೂ ಗುರುಪರಂಪರೆಯನ್ನು ಜೊತೆಗೇ ತಂದು, ಗಾಂದೆನ್ ಮತ್ತು ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿಕೊಂಡರು. ಸೋವಿಯತ್ ಯಹೂದಿಗಳಲ್ಲಿ ಹೆಚ್ಚಿನವರಾದರೋ ಆ ಪರಂಪರೆಯನ್ನೇ ಕಳೆದುಕೊಂಡು ಹೊಸ ನೆಲಕ್ಕೆ ಬಂದವರು. 1989ರ ನಂತರದ ಸುಮಾರು ಒಂದು ದಶಕದಲ್ಲಿ ಇಸ್ರೇಲೊಂದಕ್ಕೇ ಎಂಟು ಲಕ್ಷಕ್ಕೂ ಮಿಕ್ಕಿ ಜನ ಹೋದರು. ಅಮೆರಿಕಕ್ಕೂ ಜರ್ಮನಿಗೂ ಲಕ್ಷಗಟ್ಟಲೆ ಜನ ವಲಸೆ ಹೋದರು.

ಇಸ್ರೇಲಿನಲ್ಲಿ ವಯಸ್ಕರಿಗಾಗಿ ಉಲ್ಪಾನ್ ಎಂಬ ಹೀಬ್ರೂ ತರಗತಿಗಳಿವೆ. ಇವುಗಳಲ್ಲಿ ಮೊದಲನೆಯದು 1949ರಲ್ಲಿ ಜೆರುಸಲೇಮಿನಲ್ಲಿ ಆರಂಭವಾಯಿತು. ಮಕ್ಕಳಲ್ಲಿ ಬಹುಪಾಲು ಪ್ರತ್ಯೇಕ ಶಾಲೆಗಳಿಗಲ್ಲ, ಊರಿನ ಸಾಮಾನ್ಯ ಶಾಲೆಗಳಿಗೇ ಸೇರಿದರು. ಪಾಠದಲ್ಲೂ ಹಬ್ಬದ ರಜೆಯಲ್ಲೂ ಗೆಳೆಯರ ಮನೆಯ ಊಟದಲ್ಲೂ ಧರ್ಮದ ಪರಿಚಯ ಮಾಡಿಕೊಂಡು ಅದನ್ನು ಮನೆಗೆ ತಂದರು. ನಿಮ್ಮ ಅತಿಥಿಗಳಲ್ಲಿ ಮಗಳಿಗೆ ಪ್ರಾರ್ಥನೆ ಬಾಯಿಪಾಠವಾಗಿದ್ದುದು ಬಹುಶಃ ಹೀಗೆ. ತಾಯಿಯ ಕೈಯಲ್ಲಿದ್ದ ಪುಸ್ತಕದಲ್ಲಿ ಹೀಬ್ರೂ ಪ್ರಾರ್ಥನೆಯೇ ರಷ್ಯನ್ ಅಕ್ಷರಗಳಲ್ಲಿ ಅಚ್ಚಾಗಿದ್ದಿರಬೇಕು. ನಮ್ಮಲ್ಲಿ ಸಂಸ್ಕೃತ ಮಂತ್ರಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕುವುದಿಲ್ಲವೇ, ಹಾಗೆ.

ಇಂಥ ವಲಸಿಗರಿಗಾಗಿ ನಡೆಯುವ ಕಲಿಕೆಯ ಕಾರ್ಯಕ್ರಮಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವಂಥವು ಅವರನ್ನು ಏನೂ ತಿಳಿಯದವರೆಂದು ಕಾಣದವು. 1990ರ ದಶಕದ ಆರಂಭದಲ್ಲಿ ಟೆಲ್ ಅವೀವಿಗೆ ಬಂದ ರಷ್ಯನ್ ಭಾಷಿಕ ಶಿಕ್ಷಕರು, ತಮ್ಮ ಮಕ್ಕಳ ಗಣಿತ ಮತ್ತು ಭೌತಶಾಸ್ತ್ರ ಹಿಂದೆ ಬೀಳಬಾರದೆಂದು, ಮೊಫೆಟ್ ಎಂಬ ಸಂಜೆಯ ತರಗತಿಗಳನ್ನು ತಾವೇ ತೆರೆದರು. ಮುಂದೆ ಅದೇ ಪದ್ಧತಿ ಹಗಲಿನ ಶಾಲೆಗಳಿಗೂ ಹಬ್ಬಿತು. 1992ರಿಂದ ನಡೆಯುತ್ತಿರುವ ನಾಅಲೆ ಯೋಜನೆಯಲ್ಲಿ ಹದಿಹರೆಯದವರು ತಂದೆತಾಯಿಗಿಂತ ಮೊದಲೇ ಇಸ್ರೇಲಿಗೆ ಬಂದು, ವಸತಿ ಶಾಲೆಯಲ್ಲಿದ್ದು ಪ್ರೌಢಶಿಕ್ಷಣ ಮುಗಿಸುತ್ತಾರೆ. ಅಮೆರಿಕದಲ್ಲಿ ನ್ಯೂಯಾರ್ಕಿನ ಬ್ರೈಟನ್ ಬೀಚ್ ಬಡಾವಣೆಯ ಸಮುದಾಯ ಕೇಂದ್ರಗಳು ವೃದ್ಧರಿಗೂ ಮಕ್ಕಳಿಗೂ ಒಂದೇ ಸೂರಿನಡಿ ಚಟುವಟಿಕೆ ನಡೆಸುತ್ತ ಬಂದಿವೆ. ಲಿಮ್ಮುದ್ ಎಫ್‌ಎಸ್‌ಯು (ಎಫ್‌ಎಸ್‌ಯು ಎಂದರೆ ಹಿಂದಿನ ಸೋವಿಯತ್ ಒಕ್ಕೂಟ) ಎಂಬ ಸಂಸ್ಥೆ ಹಲವು ದೇಶಗಳಲ್ಲಿ ಏರ್ಪಡಿಸುವ ಕಲಿಕಾ ಸಮಾವೇಶಗಳಲ್ಲಿ ಉಪನ್ಯಾಸ, ಸಂಗೀತ, ಧರ್ಮಗ್ರಂಥಗಳ ಓದು ಎಲ್ಲವೂ ಇರುತ್ತವೆ.

ಇನ್ನೂ ಬಗೆಹರಿಯದ ತೊಡಕೊಂದಿದೆ. 1970ರಲ್ಲಿ ತಿದ್ದುಪಡಿಯಾದ ಇಸ್ರೇಲಿನ ಮರಳುವಿಕೆಯ ಕಾನೂನು, ಅಜ್ಜ ಅಥವಾ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಪೌರತ್ವ ಕೊಡುತ್ತದೆ. ಧರ್ಮಶಾಸ್ತ್ರವಾದರೋ ಹುಟ್ಟಿನಿಂದ ಬರುವ ಯಹೂದಿತನವನ್ನು ತಾಯಿಯ ಕಡೆಯಿಂದ ಮಾತ್ರ ಎಣಿಸುತ್ತದೆ. ಹೀಗಾಗಿ ಸೈನ್ಯದಲ್ಲಿ ದುಡಿದ ಯುವಕನೊಬ್ಬ, ತಾಯಿ ಯಹೂದಿಯಲ್ಲವೆಂಬ ಕಾರಣಕ್ಕೆ, ಯಹೂದಿಗಳ ಮದುವೆ ನಡೆಸುವ ಅಧಿಕಾರವಿರುವ ಅಲ್ಲಿನ ಧಾರ್ಮಿಕ ಪೀಠದ ಮುಂದೆ ಮದುವೆಯಾಗಲಾರದೆ ಉಳಿಯುತ್ತಾನೆ. ಇಂಥವರಿಗಾಗಿ ಸೈನ್ಯದೊಳಗೇ ನತೀವ್ ಎಂಬ ಅಧ್ಯಯನ ಮತ್ತು ಮತಾಂತರ ಕಾರ್ಯಕ್ರಮವಿದೆ. ಅದನ್ನು ಸೇರದವರ ಮದುವೆಯ ಪ್ರಶ್ನೆಗೆ ಅಲ್ಲಿನ ಸಂಸತ್ತು ಇನ್ನೂ ಸಮರ್ಪಕ ಉತ್ತರ ಕೊಟ್ಟಿಲ್ಲ.