ಗುಂಡಿ ಒತ್ತಿದರೆ ಆಫ್ ಆಗುವ ವೈರ್‌ಲೆಸ್

ಪ್ರಶ್ನೆ: ನಮಸ್ಕಾರ ಸಾರ್. ನಾನು ಮೈಸೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ಅಕ್ಕನನ್ನು ಮಲ್ಪೆಗೆ ಕೊಟ್ಟಿದ್ದೇವೆ. ಭಾವನದು ಚಿಕ್ಕ ಫೈಬರ್ ಬೋಟು, 12 ವೋಲ್ಟ್ ಬ್ಯಾಟರಿ. ಸಮುದ್ರದಲ್ಲಿ ವೈರ್‌ಲೆಸ್ ಚೆನ್ನಾಗಿ ಕೇಳಿಸುತ್ತದೆ. ಮಾತಾಡಲು ಗುಂಡಿ ಒತ್ತಿದರೆ ಆಫ್ ಆಗುತ್ತದೆ. ಒಂದೊಂದು ಸಲ ಜಿಪಿಎಸ್ ಕೂಡ ಜೊತೆಗೇ ಹೋಗುತ್ತದೆ. ಬಂದರಿಗೆ ಬಂದರೆ ಎಲ್ಲ ಸರಿ. ಹೊಸ ಬ್ಯಾಟರಿ ಹಾಕಿದ್ದಾಯಿತು. ವೈರ್‌ಲೆಸ್ ಪ್ಲಗ್‌ಗೆ ಮೀಟರ್ ಇಟ್ಟರೆ 12.6 ಬರುತ್ತದೆ. ಈಗ ವೈರ್‌ಲೆಸ್ಸೇ ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಬೇಕಾ?
– ಒಬ್ಬ ಓದುಗರು, ಮೈಸೂರು

ಉತ್ತರ: ಬೇಡ. ದುಡ್ಡು ಸುಮ್ನೆ ಹೋಗುತ್ತದೆ. ನಾನು ಈಗ ಮಂಡ್ಯದಲ್ಲಿ ಟ್ರ್ಯಾಕ್ಟರ್ ವೈರಿಂಗ್ ಮಾಡುತ್ತಿದ್ದರೂ, ಕೆಲಸ ಕಲಿತಿದ್ದು ಮಲ್ಪೆ ಬಂದರಿನಲ್ಲೇ. ನೀವು ಬರೆದ ಲಕ್ಷಣ ನೋಡಿದರೆ ವೈರ್‌ಲೆಸ್‌ಗಿಂತ ಅದಕ್ಕೆ ಕರೆಂಟು ತರುವ ದಾರಿಯ ಮೇಲೇ ನನಗೆ ಅನುಮಾನ.

ವೈರ್‌ಲೆಸ್ ಸುಮ್ಮನೆ ಕೇಳಿಸಿಕೊಳ್ಳುವಾಗ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ. ಮಾತಾಡುವಾಗ 25 ವ್ಯಾಟ್ ಹೊರಗೆ ಕಳಿಸಬೇಕು, ಆಗ ಸುಮಾರು 5 ಆಂಪಿಯರ್ ಬೇಕು. ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ಕಿಲುಬು ಹಿಡಿದು ಅರ್ಧ ಓಮ್ ತಡೆ ಬಂದಿದೆ ಅಂದುಕೊಳ್ಳಿ. ಐದು ಆಂಪಿಯರ್‌ಗೆ ಅಲ್ಲೇ ಎರಡೂವರೆ ವೋಲ್ಟ್ ಬಿದ್ದುಹೋಗುತ್ತದೆ. 12.6 ಹೋಗಿ 10.1 ಉಳಿಯುತ್ತದೆ. ಅಷ್ಟರಲ್ಲಿ ಯಾವ ವೈರ್‌ಲೆಸ್ ಮಾತಾಡೀತು? ಮೀಟರ್‌ಗೆ ಇದು ಕಾಣಿಸುವುದಿಲ್ಲ. ಅದು ಕರೆಂಟನ್ನೇ ಎಳೆಯುವುದಿಲ್ಲವಲ್ಲ. ತಂತಿಯ ಒಂದೇ ಎಳೆ ಉಳಿದಿದ್ದರೂ ಪೂರ್ತಿ 12.6 ತೋರಿಸುತ್ತದೆ. ಮನೆ ವೈರಿಂಗ್ ಮಾಡುವವರು ಇಲ್ಲೇ ಎಡವುವುದು. 230 ವೋಲ್ಟಿನಲ್ಲಿ ಎರಡೂವರೆ ವೋಲ್ಟ್ ಲೆಕ್ಕಕ್ಕಿಲ್ಲ, 12ರಲ್ಲಿ ಅದೇ ಪ್ರಾಣ.

ಮೊದಲು ವೈರ್‌ಲೆಸ್ಸನ್ನು 1 ವ್ಯಾಟ್‌ಗೆ ಇಟ್ಟು ನೋಡಲಿ. ಅದರಲ್ಲಿ ಸರಿಯಾಗಿ ಮಾತಾಡಿ 25ರಲ್ಲಿ ಮಾತ್ರ ಆಫ್ ಆದರೆ ಅನುಮಾನ ಗಟ್ಟಿಯಾಗುತ್ತದೆ. ಪರೀಕ್ಷೆಗೆ 16ನೇ ಚಾನೆಲ್ ಬೇಡ, ಅದು ಅಪಾಯದಲ್ಲಿ ಇರುವವರ ಚಾನೆಲ್. ಜಿಪಿಎಸ್ ಕೂಡ ಹೋಗುತ್ತದೆ ಅಂದಿದ್ದೀರಿ. ಆದ್ದರಿಂದ ವೈರ್‌ಲೆಸ್‌ನ ಸ್ವಂತ ಫ್ಯೂಸ್ ಹೋಲ್ಡರ್ ಬಿಟ್ಟು, ಎರಡಕ್ಕೂ ಸೇರಿ ಬರುವ ದಾರಿಯನ್ನೇ ಮೊದಲು ಹಿಡಿಯಿರಿ. ಬ್ಯಾಟರಿಯಿಂದ ಪ್ಯಾನೆಲ್‌ಗೆ ಬರುವ ದಪ್ಪ ವೈರ್, ಪ್ಯಾನೆಲ್ ಹಿಂದಿನ ಮೇನ್ ಸ್ವಿಚ್ಚು, ನೆಗೆಟಿವ್‌ಗಳೆಲ್ಲ ಕೂಡುವ ಪಟ್ಟಿ, ಇಷ್ಟೇ.

ನೆಗೆಟಿವ್ ಅಂದಾಗ ನಮ್ಮೂರಿನ ಕಬ್ಬಿನ ಟ್ರೈಲರ್ ನೆನಪಾಗುತ್ತದೆ. ಹಿಂದಿನ ಲೈಟು ಮಿಣುಕಿದರೆ ಎಲ್ಲರೂ ಬಲ್ಬು ಬದಲಿಸುತ್ತಾರೆ, ತಪ್ಪು ಇರುವುದು ತುಕ್ಕು ಹಿಡಿದ ಕೊಂಡಿಯ ಅರ್ಥಿಂಗ್‌ನಲ್ಲಿ. ಟ್ರೈಲರಿನಲ್ಲಿ ಕರೆಂಟು ಕಬ್ಬಿಣದ ಬಾಡಿಯಲ್ಲೇ ವಾಪಸ್ ಬರುತ್ತದೆ, ಫೈಬರ್ ಬೋಟಿನಲ್ಲಿ ಆ ಬಾಡಿ ಅರ್ಥಿಂಗೇ ಇಲ್ಲ. ಹೋದ ಕರೆಂಟೆಲ್ಲ ನೆಗೆಟಿವ್ ವೈರಿನಲ್ಲೇ ವಾಪಸ್ ಬರಬೇಕು. ಹಾಗಾಗಿ ಪಾಸಿಟಿವ್ ಒಂದನ್ನೇ ನೋಡಿ ಕೈಬಿಡಬೇಡಿ.

ನೀವು ಹೋದಾಗ ಹೀಗೆ ಮಾಡಿ. ವೈರ್‌ಲೆಸ್ ಪ್ಲಗ್ ಕಳಚಿ, ಆ ಜಾಗಕ್ಕೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಹಾಕಿ. ಅದೂ ಹೆಚ್ಚುಕಡಿಮೆ ಅಷ್ಟೇ ಆಂಪಿಯರ್ ಎಳೆಯುತ್ತದೆ. ಬಲ್ಬು ಉರಿಯುತ್ತಿರುವಾಗ ಮೀಟರಿನ ಒಂದು ಮೊನೆ ಬ್ಯಾಟರಿಯ ಪಾಸಿಟಿವ್ ಸೀಸದ ಗೂಟದ ಮೇಲೆ, ಇನ್ನೊಂದು ಪ್ಲಗ್‌ನ ಪಾಸಿಟಿವ್ ಮೇಲೆ. ಕ್ಲ್ಯಾಂಪಿನ ಮೇಲಲ್ಲ, ಸೀಸದ ಮೇಲೇ ಇಡಬೇಕು. ಕ್ಲ್ಯಾಂಪಿಗೂ ಸೀಸಕ್ಕೂ ನಡುವೆಯೇ ಕೊಳೆ ಇರಬಹುದು. ದೂರ ಜಾಸ್ತಿ ಆದರೆ ಮೀಟರಿಗೆ ಉದ್ದನೆಯ ವೈರ್ ಕಟ್ಟಿಕೊಳ್ಳಿ, ತೆಳ್ಳಗಿದ್ದರೂ ಪರವಾಗಿಲ್ಲ. ನೆಗೆಟಿವ್‌ಗೂ ಹೀಗೇ. ಎರಡೂ ಸೇರಿ 0.4 ವೋಲ್ಟ್ ಒಳಗೆ ಇರಬೇಕು. ಜಾಸ್ತಿ ಬಂದ ಕಡೆ ಮೊನೆಯನ್ನು ಒಂದೊಂದೇ ಜಾಯಿಂಟ್ ಹಿಂದಕ್ಕೆ ತನ್ನಿ. ಎಲ್ಲಿ ದಿಢೀರನೆ ಇಳಿಯಿತೋ ಅದೇ ಜಾಗ.

ದಕ್ಕೆಯಲ್ಲಿ ಎಲ್ಲ ಸರಿ ಕಂಡರೆ ಎಂಜಿನ್ ಚಾಲೂ ಮಾಡಿಸಿ, ಬಲ್ಬು ಉರಿಯುತ್ತಿರಲಿ, ವೈರಿನ ಕಂತೆಯನ್ನು ಮೊಳ ಮೊಳಕ್ಕೂ ಹಿಡಿದು ಅಲುಗಾಡಿಸಿ. ಭಾವ ಬಲ್ಬು ನೋಡುತ್ತಿರಲಿ. ಸಮುದ್ರದಲ್ಲಿ ಆಗುವುದೂ ಇದೇ ಅಲುಗಾಟ.

ಸಿಕ್ಕಿದ ಮೇಲೆ ಕರಿ ಟೇಪ್ ಸುತ್ತಿ ಬಿಡಬೇಡಿ, ದಯವಿಟ್ಟು. ಟೇಪ್ ಒಳಗೆ ಉಪ್ಪುನೀರು ನಿಂತು ತಂತಿಯನ್ನು ಉದ್ದಕ್ಕೂ ತಿನ್ನುತ್ತದೆ. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು, ಕಪ್ಪಾದ ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ತವರ ಲೇಪಿಸಿದ ತಂತಿ ಹಾಕಿ, ತುದಿಗೆ ಲಗ್ (ಸ್ಕ್ರೂಗೆ ಕೂರುವ ಲೋಹದ ಕೊಂಡಿ) ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ ಬಿಸಿ ಮಾಡಿ. ಪೂರ್ತಿ ವೈರಿಂಗ್ ಬದಲಿಸುವ ಹಾಗಿದ್ದರೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆಯಲ್ಲಿ ಬಿಡುವಾಗಿ ಮಾಡಿ. ಈ ಜಾಯಿಂಟನ್ನು ಮಾತ್ರ ಅಲ್ಲಿಯವರೆಗೆ ಕಾಯಿಸಬೇಡಿ. ಎಂಜಿನ್ ಕೆಟ್ಟರೆ ಭಾವನವರಿಗೆ ದಡದವರನ್ನು ಕರೆಯಲು ಆ ಗುಂಡಿಯೇ ಗತಿ. ಸರಿಯಾಗುವವರೆಗೆ ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಒಂದನ್ನು ಯಾರಿಂದಾದರೂ ಪಡೆದು ಜೊತೆಗೆ ಒಯ್ಯಲಿ.

ಇಷ್ಟು ಮಾಡಿಯೂ ಬಗೆಹರಿಯದಿದ್ದರೆ ಪಾಸಿಟಿವ್ ಎಷ್ಟು ಬಂತು, ನೆಗೆಟಿವ್ ಎಷ್ಟು ಬಂತು ಅಂತ ಬೇರೆ ಬೇರೆಯಾಗಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.