ಧ್ರುವತಾರೆ ಬೇಡ, ರಾಜಮ್ಮನವರು ಬೇಕು

ಮಾನ್ಯರೇ,

ಎಂ. ವಿ. ರಾಜಮ್ಮನವರನ್ನು ಕುರಿತು ನೀವು ಕಳಿಸಿದ ಹನ್ನೊಂದು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ಒಂದು ಸಾಲಿನ ವಿಷಾದದೊಡನೆ ಹಿಂದಿರುಗಿಸಲೂ ಮನಸ್ಸಾಗಲಿಲ್ಲ. ಕಂಪನಿ ನಾಟಕದಿಂದ ಟಾಕಿಗೆ ಬಂದು, ನಾಯಕಿಯಾಗಿ, ನಿರ್ಮಾಪಕಿಯಾಗಿ, ಕೊನೆಗೆ ತೆರೆಯ ಮೇಲಿನ ತಾಯಿಯಾಗಿ ಬಾಳಿದ ಒಬ್ಬ ಕಲಾವಿದೆಯನ್ನು ನೀವು ಆರಿಸಿಕೊಂಡಿದ್ದೀರಿ; ಆಯ್ಕೆ ಒಳ್ಳೆಯದು. ಆದರೆ ಆಕೆ ಮಾಡಿದ ಕೆಲಸವೇನೆಂಬುದು ಹನ್ನೊಂದು ಪುಟಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ.

‘ಬೆಳ್ಳಿತೆರೆಯ ಧ್ರುವತಾರೆ’ ಎಂಬ ಮಾತು ನಾಲ್ಕು ಸಲ ಬಂದಿದೆ. ‘ಅಭಿನಯ ಶಾರದೆ’ ಎರಡು ಸಲ. ಆ ಬಿರುದನ್ನು ಕನ್ನಡಿಗರು ಜಯಂತಿಯವರಿಗೆ ಕೊಟ್ಟು ಎಷ್ಟೋ ಕಾಲವಾಯಿತು, ಅದನ್ನು ಅವರ ಬಳಿಯೇ ಇರಲು ಬಿಡಿ. ಮೂರನೆಯ ಪುಟದಲ್ಲಿ ‘ಕ್ಯಾಮೆರಾದ ಮುಂದೆ ಮೊದಲ ಬಾರಿ ನಿಂತಾಗ ಅವರ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು’ ಎಂದು ಬರೆದಿದ್ದೀರಿ. ಅವರು ಎಲ್ಲಿಯಾದರೂ ಹಾಗೆ ಹೇಳಿಕೊಂಡಿದ್ದರೆ ಅದನ್ನು ನಮೂದಿಸಿ, ಇಲ್ಲವಾದರೆ ತೆಗೆದುಹಾಕಿ. ಬದುಕಿದ್ದ ವ್ಯಕ್ತಿಯ ಎದೆಬಡಿತವನ್ನು ನಾವು ಕಲ್ಪಿಸಿ ಬರೆಯತೊಡಗಿದರೆ, ನಾವು ಕೊಡುವ ಇಸವಿಗಳನ್ನೂ ಓದುಗರು ನಂಬುವುದಿಲ್ಲ.

‘ಮೊದಲಿಗರು’ ಎಂಬ ಪದವನ್ನು ನೀವು ಬಳಸಿರುವ ರೀತಿ ಇದಕ್ಕಿಂತ ಗಂಭೀರವಾದ ತಪ್ಪು. ರಾಜಮ್ಮನವರು ಕನ್ನಡ ವಾಕ್ಚಿತ್ರದ ಮೊದಲ ನಾಯಕಿಯಲ್ಲ. 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ದಲ್ಲಿ ಸುಲೋಚನೆಯ ಪಾತ್ರ ತ್ರಿಪುರಾಂಬ ಅವರದು, ಮಂಡೋದರಿಯ ಪಾತ್ರ ಲಕ್ಷ್ಮೀಬಾಯಿ ಅವರದು. ‘ಭಾರತದ ಮೊದಲ ಮಹಿಳಾ ನಿರ್ಮಾಪಕಿ’ ಎಂಬ ಮಾತಂತೂ ನಿಲ್ಲುವುದೇ ಇಲ್ಲ. ಫಾತ್ಮಾ ಬೇಗಂ 1926ರ ಹೊತ್ತಿಗೇ ಮುಂಬಯಿಯಲ್ಲಿ ಸ್ವಂತ ಸಂಸ್ಥೆ ಕಟ್ಟಿ ಚಿತ್ರ ನಿರ್ದೇಶಿಸಿದ್ದರು. ನಾಟಕರಂಗದಿಂದಲೇ ಬಂದ ಟಿ. ಪಿ. ರಾಜಲಕ್ಷ್ಮಿ 1936ರಲ್ಲಿ ತಮಿಳಿನಲ್ಲಿ ತಮ್ಮ ಚಿತ್ರವನ್ನು ತಾವೇ ನಿರ್ಮಿಸಿ ನಿರ್ದೇಶಿಸಿದರು. ರಾಜಮ್ಮನವರಿಗೆ ಸಲ್ಲುವುದು ಕನ್ನಡದ ಮೊದಲ ನಿರ್ಮಾಪಕಿ ಎಂಬ ಗೌರವ. ಅದು ಅವರದೇ, ಅದನ್ನು ಊದಿಸಿ ದೊಡ್ಡದು ಮಾಡುವ ಅಗತ್ಯವಿಲ್ಲ.

ಇನ್ನು ಲೇಖನದ ಜೀವಾಳಕ್ಕೆ ಬರುತ್ತೇನೆ. ‘ಅನಂತರ ಅವರು ರಂಗಭೂಮಿಯಿಂದ ಬೆಳ್ಳಿತೆರೆಗೆ ಜಿಗಿದರು’ ಎಂಬ ಒಂದೇ ವಾಕ್ಯದಲ್ಲಿ ನೀವು ದಾಟಿಬಿಟ್ಟಿರುವ ಜಾಗದಲ್ಲಿಯೇ ನೀವು ಬರೆಯಬೇಕಾದ ಲೇಖನವಿದೆ. ಚಂದ್ರಕಲಾ ನಾಟಕ ಮಂಡಳಿಯಲ್ಲಿ ಅವರು ಬಿ. ಆರ್. ಪಂತುಲು ಅವರೊಡನೆ ಪಾತ್ರ ಮಾಡುತ್ತಿದ್ದರು. ಆ ಮಂಡಳಿಯ ನಾಟಕವೇ 1936ರಲ್ಲಿ, ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ, ‘ಸಂಸಾರ ನೌಕ’ ಎಂಬ ಹೆಸರಿನಿಂದ ಮದರಾಸಿನಲ್ಲಿ ಚಿತ್ರವಾಯಿತು; ಅದರ ನಾಯಕ ನಾಯಕಿಯರೂ ಇವರಿಬ್ಬರೇ. ಅದುವರೆಗಿನ ಕನ್ನಡ ಟಾಕಿಗಳಲ್ಲಿ ಇದ್ದದ್ದು ಕಿರೀಟ, ಭುಜಕೀರ್ತಿ, ಅರಮನೆ, ಇದು ಸಾಮಾಜಿಕ. ನಮ್ಮ ನಿಮ್ಮ ಮನೆಯ ಹೆಣ್ಣುಮಗಳಂತೆ ಸೀರೆಯುಟ್ಟು, ಪುರಾಣದ ಆಸರೆಯಿಲ್ಲದೆ ನಿಲ್ಲಬೇಕಾದ ನಾಯಕಿಗೆ ಇದು ಎಂಥ ಬದಲಾವಣೆಯಾಗಿರಬೇಕೆಂದು ಯೋಚಿಸಿ.

ನಾಟಕದ ಥಿಯೇಟರಿನಲ್ಲಿ ದನಿ ಕೊನೆಯ ಸಾಲಿನ ನೆಲದ ಗಿರಾಕಿಗೂ ಕೇಳಬೇಕು. ಹಾಡು ಹಿಡಿಸಿದರೆ ಆತ ‘ಒನ್ಸ್ ಮೋರ್’ ಎನ್ನುತ್ತಾನೆ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ, ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡುತ್ತದೆ. ಸ್ಟುಡಿಯೋದಲ್ಲಿ ಗಿರಾಕಿಯೂ ಇಲ್ಲ, ಚಪ್ಪಾಳೆಯೂ ಇಲ್ಲ. ಚೌಕಟ್ಟಿನ ಆಚೆ ಎಲ್ಲಿಯೋ ಮರೆಯಾಗಿಟ್ಟ ಮೈಕು ಇದೆ. ಅದಕ್ಕೆ ಕೊನೆಯ ಸಾಲಿನ ದನಿ ಬೇಡ. ಕಣ್ಣೀರಿನ ದೃಶ್ಯವನ್ನು ಬೆಳಿಗ್ಗೆ ತೆಗೆದು, ಅದಕ್ಕೆ ಕಾರಣವಾದ ದೃಶ್ಯವನ್ನು ಮರುವಾರ ತೆಗೆಯುವುದೂ ಉಂಟು. ರಾತ್ರಿಯಿಡೀ ಕಥೆಯ ಅನುಕ್ರಮದಲ್ಲಿಯೇ ಪಾತ್ರವನ್ನು ಬೆಳೆಸುವುದಕ್ಕೆ ಒಗ್ಗಿದವರು ಇಂಥ ತುಂಡುಗಳಲ್ಲಿ ಭಾವವನ್ನು ಕಾಪಾಡಿಕೊಳ್ಳುವುದನ್ನು ಕಲಿಯಬೇಕಾಗಿತ್ತು. 1940ರಲ್ಲಿ ಸೇಲಂನ ಮಾಡರ್ನ್ ಥಿಯೇಟರ್ಸ್‌ನ ‘ಉತ್ತಮ ಪುತ್ತಿರನ್’ ಚಿತ್ರದಲ್ಲಿ, ದ್ವಿಪಾತ್ರದ ಪಿ. ಯು. ಚಿನ್ನಪ್ಪ ಅವರಿಗೆ ನಾಯಕಿಯಾಗಿ, ಅದನ್ನೇ ತಮಿಳಿನಲ್ಲಿಯೂ ಮಾಡಿದರು. ಈ ನಾಲ್ಕು ವರ್ಷಗಳಿಗೆ ನೀವು ಕೊಟ್ಟಿರುವುದು ಆರು ಸಾಲು.

1943ರ ‘ರಾಧಾರಮಣ’ವನ್ನು ಕುರಿತು ‘ಧೈರ್ಯದಿಂದ ನಿರ್ಮಿಸಿದರು’ ಎಂದಿದ್ದೀರಿ. ಧೈರ್ಯ ಏಕೆ ಬೇಕಾಯಿತೆಂಬುದನ್ನು ಹೇಳಬೇಡವೇ? ಮಹಾಯುದ್ಧದ ಕಾಲ, ಕಚ್ಚಾ ಫಿಲ್ಮು ಹೊರದೇಶದಿಂದಲೇ ಬರಬೇಕು. ಅದೇ ವರ್ಷ ಸರ್ಕಾರ ಅದನ್ನು ಪರವಾನಗಿಯ ಹಿಡಿತಕ್ಕೆ ತಂದು, ಕಥಾಚಿತ್ರದ ಉದ್ದವನ್ನು 11,000 ಅಡಿಗೆ ಮಿತಿಗೊಳಿಸಿತು. ಟಾಕಿಯಲ್ಲಿ ಒಂದು ನಿಮಿಷಕ್ಕೆ 90 ಅಡಿ ಓಡುತ್ತದೆ. ಲೆಕ್ಕ ಹಾಕಿದರೆ ಎರಡು ಗಂಟೆಯ ಮೇಲೆ ಎರಡು ನಿಮಿಷ. ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ಬರುತ್ತಿದ್ದ ಆ ಹೊತ್ತಿನಲ್ಲಿ ಒಬ್ಬ ನಟಿ ಹಣ ಹೂಡಲು ಮುಂದಾದರು ಎಂದು ಬರೆದರೆ ಸಾಕು, ‘ಧೈರ್ಯ’ ಎಂಬ ಪದವನ್ನು ಓದುಗರೇ ಹೇಳಿಕೊಳ್ಳುತ್ತಾರೆ. ಜಿ. ವಿ. ಅಯ್ಯರ್ ಮತ್ತು ಬಾಲಕೃಷ್ಣ ಅವರು ತೆರೆಗೆ ಬಂದದ್ದೂ ಅದೇ ಚಿತ್ರದಿಂದ. ನೀವು ಇದನ್ನು ಆವರಣದೊಳಗೆ ಹಾಕಿ ಮುಗಿಸಿದ್ದೀರಿ.

ನಿಮ್ಮ ಲೇಖನದಲ್ಲಿ ನನಗೆ ನಿಜವಾಗಿ ಹಿಡಿಸಿದ ಒಂದು ಸಾಲಿದೆ, ಅದು ಒಂಬತ್ತನೆಯ ಪುಟದ ಮಧ್ಯದಲ್ಲಿ ಅನಾಥವಾಗಿ ಬಿದ್ದಿದೆ: ‘ಸ್ಕೂಲ್ ಮಾಸ್ಟರ್ ಚಿತ್ರದಲ್ಲಿಯೂ ಪಂತುಲು ಅವರಿಗೆ ಜೋಡಿ.’ ಆ ‘ಊ’ಕಾರವನ್ನು ಹಿಡಿದು ನೀವು ಏಕೆ ಮುಂದೆ ಹೋಗಲಿಲ್ಲ? 1936ರಲ್ಲಿ ಸಂಸಾರದ ದೋಣಿ ಹತ್ತಿದ ಅದೇ ಇಬ್ಬರು, 1958ರಲ್ಲಿ, ಇಪ್ಪತ್ತೆರಡು ವರ್ಷಗಳ ಮೇಲೆ, ಮಕ್ಕಳು ತಂದೆತಾಯಿಯನ್ನು ಹಂಚಿಕೊಂಡು ಬೇರೆ ಬೇರೆ ಮನೆಗಳಲ್ಲಿ ಇರಿಸಿದ ಮುದಿ ದಂಪತಿಗಳಾಗಿ ನಿಲ್ಲುತ್ತಾರೆ. ರಾಜಮ್ಮನವರಿಗೆ ಆಗ ಇನ್ನೂ ನಲವತ್ತು ತುಂಬಿರಲಿಲ್ಲ. ‘ನಾಯಕಿಯ ಅವಕಾಶ ಕಡಿಮೆಯಾಗಿ ತಾಯಿಯ ಪಾತ್ರಗಳಿಗೆ ಇಳಿದರು’ ಎಂದು ನೀವು ಬರೆದಿರುವ ವಾಕ್ಯ ಈ ಚಿತ್ರದ ಮುಂದೆ ನಿಲ್ಲಲಾರದು; ‘ಇಳಿದರು’ ಎಂಬ ಕ್ರಿಯಾಪದವನ್ನು ದಯವಿಟ್ಟು ಹೊಡೆದುಹಾಕಿ. ಬದಲಿಗೆ ಚಿತ್ರವನ್ನು ಮತ್ತೆ ನೋಡಿ, ಆ ವೃದ್ಧೆಯ ನಡಿಗೆ, ಸೆರಗು, ತಗ್ಗಿದ ದನಿ, ಇವುಗಳಲ್ಲಿ ಕಂಪನಿ ನಾಟಕದ ಅಭ್ಯಾಸ ಎಷ್ಟು ಉಳಿದಿದೆ, ಎಷ್ಟು ಕಳಚಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ.

ಮತ್ತೆ ಬರೆಯುವಾಗ ಆ ಜೋಡಿಯಿಂದಲೇ ಆರಂಭಿಸಿ, ಅಲ್ಲಿಂದ ಹಿಂದಕ್ಕೆ ಮಂಡಳಿಗೆ ಹೋಗಬಹುದು. ಕೊನೆಯ ಎರಡು ಪುಟಗಳ ಚಿತ್ರಪಟ್ಟಿ ನಮಗೆ ಬೇಡ. ಆರು ಪುಟಗಳ ಒಳಗಿರಲಿ. ಜೊತೆಗೆ ಕಳಿಸಿದ್ದ ಛಾಯಾಚಿತ್ರ ಯಾವ ಚಿತ್ರದ್ದು ಎಂಬುದನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ಕಳಿಸಿ. ಈಗ ಅಲ್ಲಿ ‘ಧ್ರುವತಾರೆ’ ಎಂದಷ್ಟೇ ಇದೆ.

ಇಂತಿ,
ಸಂಪಾದಕ